ಕೊಗನೊಳ್ಳಿಯಲ್ಲಿ ಕಟ್ಟಿದ ಟೋಲ್ ಯಾರ ಜೇಬಿಗೆ?

ಚಿಂಚವಡದ ನಿಪ್ಪಾಣಿಯವ:
ಕಳೆದ ವಾರ ಪುಣೆ ಕಡೆಯಿಂದ ಕಾರಿನಲ್ಲಿ ನಿಪ್ಪಾಣಿಗೆ, ಊರಿಗೆ ಹೋಗಿದ್ದೆ. ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಗಡಿ ದಾಟಿದ ಮೇಲೆ ಕೊಗನೊಳ್ಳಿ. ಐದು ಕಡೆ ಟೋಲ್. ಕೊಗನೊಳ್ಳಿಯಲ್ಲಿ ನನ್ನ ಫಾಸ್ಟ್ಯಾಗ್ ಕೈಕೊಟ್ಟಿತು. ಹುಡುಗ ಕೋಲಿಗೆ ಕಟ್ಟಿದ ಯಂತ್ರವನ್ನು ಮೂರು ಸಲ ಗಾಜಿಗೆ ಹಿಡಿದ. ಗೇಟು ಏಳಲಿಲ್ಲ. ಹಿಂದೆ ಕಬ್ಬಿನ ಲಾರಿಯವನ ಹಾರ್ನ್ ಬೇರೆ. ಯುಪಿಐನಲ್ಲಿ ಒಂದೂಕಾಲು ಪಟ್ಟು ಕಟ್ಟಿ ಅಂದ. ಯುಪಿಐ ಮಾಡಿದೆ. "ಗಡಿ ದಾಟಿದ್ದಕ್ಕೆ ಕರ್ನಾಟಕ ಸರ್ಕಾರದ ದಂಡ ಇದು" ಎಂದು ಮಾವ ಗೊಣಗಿದರು. ನಿಜಾನಾ? ಮುಂಬೈಯವರಿಗೆ ಕಾರಿನ ಟೋಲ್ ಮಾಫಿ ಆಯ್ತು, ನಮಗೆ ಯಾಕಿಲ್ಲ?

ಕಾತ್ರಜದ ಟೆಂಪೊದವ:
ಮಾವನವರ ಮಾತು ತಪ್ಪು. ಕೊಗನೊಳ್ಳಿ ಗಡಿ ಪಕ್ಕ ಇದೆ ಅಷ್ಟೇ, ಅದು ಹೆದ್ದಾರಿ ಪ್ರಾಧಿಕಾರದ ಟೋಲ್. ಗಡಿ ತೆರಿಗೆ ಬಿಸಿ ಗೊತ್ತಿರೋದು ನಮ್ಮಂಥ ಹಳದಿ ಬೋರ್ಡಿನವರಿಗೆ. ಅಖಿಲ ಭಾರತ ಪರ್ಮಿಟ್ ಇಲ್ಲದೆ ಬಾಡಿಗೆ ಒಯ್ದರೆ ಆಚೆ ರಾಜ್ಯದ ತೆರಿಗೆ ಬೇರೆ ಕಟ್ಟಬೇಕು. ಲಾರಿಯವರದ್ದು ಇನ್ನೊಂದು ಕತೆ. ಮಹಾರಾಷ್ಟ್ರ ತನ್ನ 22 ಗಡಿ ಚೆಕ್‌ಪೋಸ್ಟ್‌ಗಳನ್ನು ಬಿಓಟಿ (ಕಟ್ಟಿ, ನಡೆಸಿ, ಕೊನೆಗೆ ಸರ್ಕಾರಕ್ಕೆ ಒಪ್ಪಿಸೋದು) ಮೇಲೆ ಖಾಸಗಿಯವರಿಗೆ ಕೊಟ್ಟಿತು. ಕಟ್ಟಿದವನು ಲಾರಿಗಳಿಂದ ಸೇವಾ ಶುಲ್ಕ ಎತ್ತಬೇಕು ಅನ್ನೋ ಲೆಕ್ಕ.
ನನ್ನ ಸಿಟ್ಟು ಪುಣೆ–ಸಾತಾರಾ ಮೇಲೆ. ಅದೂ ಖಾಸಗಿ ಗುತ್ತಿಗೆಯೇ, 24 ವರ್ಷದ್ದು. 2010ರಲ್ಲಿ ಆರು ಪಥದ ಕೆಲಸ ಶುರುವಾದಾಗಲೇ ಟೋಲೂ ಶುರು. ರಸ್ತೆ ಮುಗಿಯೋಕೆ ಮುಂಚೆ! ಡೈವರ್ಷನ್ನಿನ ಧೂಳು ಕುಡಿಯುತ್ತಾ ದುಡ್ಡು ಕಟ್ಟಿದ್ದೇವೆ ನಾವು.

ಠಾಣೆಯ ಹುಬ್ಬಳ್ಳಿಯವ:
ಮಾಫಿ ಅಂದರೆ ಯಾರೋ ಬಿಟ್ಟುಕೊಟ್ಟರು ಅಂತಲ್ಲ. ಮುಂಬೈ ಒಳಗೆ ಹೋಗೋ ದಾರಿಯ ಐದು ಟೋಲ್ ನಾಕಾಗಳ ವಸೂಲಿಗೆ 2010ರಲ್ಲಿ ಗುತ್ತಿಗೆದಾರರು 2,100 ಕೋಟಿ ರೂಪಾಯಿ ಮುಂಗಡ ಕೊಟ್ಟಿದ್ದರು, 16 ವರ್ಷಕ್ಕೆ. ಗಡುವು ಮುಗಿಯೋ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ಕಾರುಗಳಿಗೆ ಬಿಟ್ಟರು. ಚುನಾವಣೆ ಹತ್ತಿರ ಇತ್ತು, ಅಲ್ವಾ? ಆ ಹೊರೆ ಖಜಾನೆ ಮೇಲೆ. ದೊಡ್ಡ ಲಾರಿ ಮಾತ್ರ ಈಗಲೂ ಕಟ್ಟುತ್ತೆ, ವಾಶಿ ಮಾರ್ಕೆಟ್ಟಿನ ಈರುಳ್ಳಿಯಲ್ಲಿ ಅದೂ ಸೇರಿರುತ್ತೆ.
ಸುಮ್ನೆ ಫಾಸ್ಟ್ಯಾಗ್‌ನ ವಾರ್ಷಿಕ ಪಾಸ್ ಮಾಡಿಸಿ. ವರ್ಷಕ್ಕೆ 200 ಟ್ರಿಪ್, 2025ರಲ್ಲಿ ಶುರುವಾದಾಗ ಅದಕ್ಕೆ 3,000 ರೂಪಾಯಿ ಇತ್ತು. ಒಂದು ನಾಕಾ ದಾಟಿದರೆ ಒಂದು ಟ್ರಿಪ್. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಮಾತ್ರ ನಡೆಯಲ್ಲ, ಅದು ರಾಜ್ಯದ ರಸ್ತೆ.

ಚಿಂಚವಡದ ನಿಪ್ಪಾಣಿಯವ:
ಹೋಗಿಬರೋಕೆ ಹತ್ತು ಟ್ರಿಪ್, ಅಂದರೆ ವರ್ಷಕ್ಕೆ ಇಪ್ಪತ್ತು ಸಲ ಊರು! ಮಾವನಿಗೆ ಹೇಳಿದೆ. "ಹಂಗಾದ್ರ ಇನ್ನ ಮ್ಯಾಲ ಟೋಲಿನ ನೆಪ ಹೇಳಬ್ಯಾಡ" ಅಂದರು.