ಸ್ಕೋಡಾ ಆಕ್ಟೇವಿಯಾದ ಅಲಾಯ್ ಚಕ್ರ ಸ್ಕೋಡಾ ಸ್ಲಾವಿಯಾಗೆ ಕೂರುತ್ತಿಲ್ಲ. ಎರಡೂ ಫೋಕ್ಸ್‌ವ್ಯಾಗನ್ ಗುಂಪಿನ ಎಂಕ್ಯೂಬಿ ಪ್ಲಾಟ್‌ಫಾರ್ಮ್ ಗಾಡಿಗಳೇ ಅಲ್ವಾ?

ಹುಬ್ಬಳ್ಳಿ ಸ್ಲಾವಿಯಾ:
ನನ್ನದು 2022ರ ಸ್ಲಾವಿಯಾ. ಮೂರನೇ ತಲೆಮಾರಿನ ಆಕ್ಟೇವಿಯಾದ 17 ಇಂಚಿನ ನಾಲ್ಕು ಅಲಾಯ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕವು. ಮಾರಿದವರು "ಎರಡೂ ಎಂಕ್ಯೂಬಿ ಗಾಡಿ, ಕಣ್ಮುಚ್ಚಿ ಹಾಕ್ಸಿ" ಅಂದರು. ನಾನೂ ಕಣ್ಮುಚ್ಚಿಯೇ ದುಡ್ಡು ಕೊಟ್ಟೆ. ನಿನ್ನೆ ಟೈರ್ ಅಂಗಡಿಯಲ್ಲಿ ನೋಡಿದರೆ ಚಕ್ರದ ನಡುವಿನ ತೂತು ಹಬ್ (ಗಾಡಿಯಲ್ಲಿ ಚಕ್ರ ಕೂರುವ ಭಾಗ) ಮೇಲೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಬೋಲ್ಟ್ ತೂತುಗಳೂ ಐದೇ. ಆದರೆ ಒಂದು ಬೋಲ್ಟ್ ಹಿಡಿದರೆ ಉಳಿದ ನಾಲ್ಕು ಸರಿಹೊಂದುವುದೇ ಇಲ್ಲ. ಹುಡುಗ ಒಂದನ್ನು ಬೋಲ್ಟ್ ಬಿಗಿಯುವ ಗನ್ ಹಾಕಿ ಅರ್ಧ ಬಿಗಿದೂ ನೋಡಿದ. ಈಗ "ತೂತು ಸ್ವಲ್ಪ ಉಜ್ಜೋಣ, ಇಲ್ಲಾಂದ್ರೆ ನಡುವೆ ಅಡಾಪ್ಟರ್ ಬಿಲ್ಲೆ ಹಾಕೋಣ" ಅನ್ನುತ್ತಿದ್ದಾರೆ. ಏನು ಮಾಡಲಿ?

ಹಳೇ ವೆಂಟೊ:
ಉಜ್ಜಲು ಮಾತ್ರ ಬಿಡಬೇಡಿ. ಸ್ಲಾವಿಯಾದ ಪಿಸಿಡಿ (ಬೋಲ್ಟ್‌ಗಳ ಸಂಖ್ಯೆ, ಅವು ಕೂರುವ ವೃತ್ತದ ವ್ಯಾಸ ಮಿ.ಮೀ.ನಲ್ಲಿ) 5×100, ನಿಮ್ಮ ಅಲಾಯ್‌ದು 5×112. ಅಂದರೆ ಒಂದೊಂದು ಬೋಲ್ಟೂ ಈಗಿರುವುದಕ್ಕಿಂತ ನಡುವಿನಿಂದ ಇನ್ನೂ 6 ಮಿ.ಮೀ. ಆಚೆ ಇರಬೇಕು. ನಿಮ್ಮನ್ನು ಯಾಮಾರಿಸಿದ್ದು ಆ ನಡುವಿನ ತೂತು, ಅದು ಎರಡರಲ್ಲೂ 57.1 ಮಿ.ಮೀ.

ಎಂಕ್ಯೂಬಿ ಅಂದರೆ ಒಂದೇ ಚಾಸಿ ಅಂತ ಬಹಳ ಜನ ತಿಳಿದಿದ್ದಾರೆ. 2012ರಲ್ಲಿ ಆಡಿ ಎ3 ಜೊತೆ ಬಂದಾಗಿನಿಂದಲೂ ಅದರಲ್ಲಿ ಕದಲದ ಅಳತೆ ಮುಖ್ಯವಾಗಿ ಒಂದು: ಮುಂದಿನ ಆಕ್ಸಲ್‌ನಿಂದ ಪೆಡಲ್‌ವರೆಗಿನ ದೂರ. ಎಂಜಿನ್ ಕೂರಿಸುವ ರೀತಿಯೂ ಒಂದೇ. ಖರ್ಚಿನ ಕೆಲಸವೆಲ್ಲ ಅಲ್ಲೇ ಇರುವುದು. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ದೂರ), ಟ್ರ್ಯಾಕ್ (ಎಡ, ಬಲ ಚಕ್ರಗಳ ನಡುವಿನ ಅಗಲ), ಮುಂದೆ ಹಿಂದೆ ಚಾಚುವ ಉದ್ದ ಇವನ್ನೆಲ್ಲ ಗಾಡಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುತ್ತಾರೆ. ಸ್ಲಾವಿಯಾ, ವರ್ಟಸ್, ಕುಶಾಕ್, ಟೈಗುನ್ ನಾಲ್ಕೂ ಎಂಕ್ಯೂಬಿಯಲ್ಲೇ ಎ0 ಐಎನ್ ಎಂಬ ಚಿಕ್ಕ ಮನೆಯವು, ವೀಲ್‌ಬೇಸ್ ಕೂಡ ಒಂದೇ, 2651 ಮಿ.ಮೀ. ಆಕ್ಟೇವಿಯಾ, ಸೂಪರ್ಬ್ ದೊಡ್ಡ ಮನೆಯವು, ಅವುಗಳ ಹಬ್ಬೇ ಬೇರೆ.

ತಮಾಷೆ ಗೊತ್ತಾ? ಎಂಕ್ಯೂಬಿಯೇ ಅಲ್ಲದ ನನ್ನ ಫೋಕ್ಸ್‌ವ್ಯಾಗನ್ ವೆಂಟೊದ್ದು 5×100. ಮೊದಲ ತಲೆಮಾರಿನ ಆಕ್ಟೇವಿಯಾದ್ದೂ ಅಷ್ಟೇ.

ಹುಬ್ಬಳ್ಳಿ ಸ್ಲಾವಿಯಾ:
ಹಾಗಾದರೆ ಅಡಾಪ್ಟರ್? ವಾಬಲ್ ಬೋಲ್ಟ್ (ತಲೆಯ ಕೆಳಗಿನ ಉಂಗುರ ಸ್ವಲ್ಪ ಅತ್ತಿತ್ತ ಸರಿಯುವ ಬೋಲ್ಟ್) ಅಂತಲೂ ಒಬ್ಬರು ಹೇಳಿದರು.

ಟೈರ್ ತಲೆ:
ವಾಬಲ್ ಬೋಲ್ಟ್ ಒಂದು ಮಿ.ಮೀ. ಚಿಲ್ಲರೆ ವ್ಯತ್ಯಾಸಕ್ಕೆ, 6ಕ್ಕಲ್ಲ. ಅಡಾಪ್ಟರ್ 20 ಮಿ.ಮೀ. ದಪ್ಪ ಇತ್ತು ಅಂದುಕೊಳ್ಳಿ. ಚಕ್ರದ ಒಳಗೆ ಈಟಿ (ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಳತೆ) 49 ಅಂತ ಕೊರೆದಿದ್ದರೆ ಅದು 29 ಆಗುತ್ತದೆ. ಚಕ್ರ ಅಷ್ಟು ಹೊರಗೆ ಬಂತು, ಬೇರಿಂಗ್ ಮೇಲೆ ಹೊರೆ ಜಾಸ್ತಿ, ಗುಂಡಿ ಇಳಿದಾಗ ಟೈರ್ ಫೆಂಡರ್‌ಗೆ ತಾಗಬಹುದು. ನಾನಾದರೆ ಹಾಕಿಸುವುದಿಲ್ಲ.

17 ಇಂಚೇ ಬೇಕಾದರೆ ಕುಶಾಕ್ ಅಲಾಯ್ ಹುಡುಕಿ. ಆದರೆ ಅದರ 205/55 ಆರ್17 ಟೈರ್ (ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ 55%, ರಿಮ್ 17 ಇಂಚು) ಹಾಗೇ ಹಾಕಿದರೆ ನಿಮ್ಮ 205/55 ಆರ್16ಗಿಂತ ಸುಮಾರು 4% ದೊಡ್ಡದು, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. 205/50 ಆರ್17 ಹಾಕಿ, 1%ಕ್ಕಿಂತ ಕಡಿಮೆ ವ್ಯತ್ಯಾಸ.

ಇನ್ನು ಮುಂದೆ ಸ್ಕೇಲ್ ಒಯ್ಯಿರಿ. ಪಕ್ಕಪಕ್ಕದ ಎರಡು ಬೋಲ್ಟ್ ತೂತುಗಳ ನಡುವಿನಿಂದ ನಡುವಿಗೆ ಅಳೆದರೆ 100ರ ಪಿಸಿಡಿಗೆ 58.8 ಮಿ.ಮೀ. ಬರಬೇಕು, 112ಕ್ಕೆ 65.8.

ನನಗೆ ಚಿಂತೆ ಆ ಗನ್ ಹಾಕಿದ ಬೋಲ್ಟಿನದು. ಓರೆಯಾಗಿ ಹೋಗಿದ್ದರೆ ಹಬ್‌ನ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ) ಕೆಟ್ಟಿರುತ್ತದೆ. ಚಕ್ರ ಬಿಚ್ಚಿ, ಬೋಲ್ಟನ್ನು ಬರೀ ಕೈಯಲ್ಲಿ ತಿರುಗಿಸಿ. ಕೊನೆವರೆಗೆ ಸಲೀಸಾಗಿ ಹೋಗಬೇಕು. ಹಿಡಿದರೆ ಅದೇ ಚಕ್ರದಲ್ಲಿ ಹೈವೇಗೆ ಹೋಗಬೇಡಿ.

ಹುಬ್ಬಳ್ಳಿ ಸ್ಲಾವಿಯಾ:
ನೋಡಿದೆ. ಎರಡು ಸುತ್ತು ಗರಗರ ಅಂತು, ಆಮೇಲೆ ನಿಂತೇಬಿಟ್ಟಿತು. ಎಂ14 ಟ್ಯಾಪ್ (14 ಮಿ.ಮೀ. ಬೋಲ್ಟಿನ ಮರೆ ಕೊರೆಯುವ ಉಪಕರಣ) ಹಾಕಿಸಿ ಮರೆ ಸರಿ ಮಾಡಿಸಿದೆ, ಬೋಲ್ಟ್ ಹೊಸದು. ಈಗ ಕೈಯಲ್ಲೇ ಕೂರುತ್ತದೆ. ಹಳೇ 16 ಇಂಚಿನ ಚಕ್ರ ವಾಪಸ್ ಹಾಕಿಸಿದೆ. ಮಾರಿದವರು ಫೋನ್ ಎತ್ತುತ್ತಿಲ್ಲ. ಆಕ್ಟೇವಿಯಾ ಇರುವವರು ಯಾರಾದರೂ ಇದ್ದೀರಾ? 65.8 ಮಿ.ಮೀ., ನಾನೇ ಅಳೆದಿದ್ದೇನೆ.