ಉಚಿತ ಸೇವೆಯ ಮೇಲೆ ಮೊಕದ್ದಮೆ ಏಕೆ? ಮನೆಯವರ ಗುಂಪಿನಲ್ಲೊಂದು ವಾದ

ಭಾವ: ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ಅಮೆರಿಕದ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನ ಕುರಿತ ಲೇಖನವನ್ನು ಮೇಲೆ ಹಾಕಿದ್ದೇನೆ, ಎಲ್ಲರೂ ಓದಿ. ಹುಡುಕಿದವರಿಂದ ಒಂದು ಕಾಸೂ ಕೇಳದ ಕಂಪನಿಯಿಂದ ನಷ್ಟವಾದದ್ದು ಯಾರಿಗೆ? ಚೆನ್ನಾಗಿ ಕೆಲಸ ಮಾಡಿ ಬೆಳೆದವರನ್ನು, ಬೆಳೆದರೆಂಬ ಕಾರಣಕ್ಕೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ನಾನು: ಭಾವ, ಬೆಳೆದದ್ದು ತಪ್ಪೆಂದು ಆ ತೀರ್ಪು ಎಲ್ಲಿಯೂ ಹೇಳುವುದಿಲ್ಲ, ಗೂಗಲ್ ಸರ್ಚ್‌ನ ಗುಣಮಟ್ಟ ಮೇಲಿನದೆಂದು ಅದು ಒಪ್ಪಿಕೊಂಡೇ ಇದೆ. ತಪ್ಪೆನಿಸಿದ್ದು, ಫೋನ್ ಅಥವಾ ಬ್ರೌಸರ್ ತೆರೆದ ಕೂಡಲೇ ತನ್ನ ಸರ್ಚ್ ಒಂದೇ ಎದುರಾಗುವಂತೆ ಆಪಲ್ ಮೊದಲಾದವರೊಂದಿಗೆ ಮಾಡಿಕೊಂಡ ಒಪ್ಪಂದಗಳು. ಅವುಗಳಿಗಾಗಿ 2021ರ ಒಂದೇ ವರ್ಷದಲ್ಲಿ ಸಂದಾಯವಾದ ಹಣ 2,630 ಕೋಟಿ ಡಾಲರ್. ಹುಡುಕುವವರು ಹಣ ಕೊಡದಿದ್ದರೂ ಜಾಹೀರಾತು ಕೊಡುವವರು ತೆರುತ್ತಾರೆ, ಮತ್ತು ಪೈಪೋಟಿ ಇಲ್ಲದ್ದರಿಂದ ಅವರು ಹೆಚ್ಚಿಗೆ ತೆತ್ತರೆಂಬುದೂ ಆ ತೀರ್ಪಿನಲ್ಲಿದೆ.

ಚಿಕ್ಕಪ್ಪ: ನಾನು ಅಳಿಯಂದಿರ ಪಕ್ಷ. ರಾಕ್‌ಫೆಲರ್ ಕಟ್ಟಿದ ಅಮೆರಿಕದ ತೈಲ ಕಂಪನಿ ಸ್ಟ್ಯಾಂಡರ್ಡ್ ಆಯಿಲ್ ಬೆಳೆದ ದಶಕಗಳಲ್ಲಿ ಸೀಮೆಎಣ್ಣೆಯ ಬೆಲೆ ಇಳಿದದ್ದೇ ಹೆಚ್ಚು. ಆದರೂ 1911ರಲ್ಲಿ ಅದನ್ನು 34 ಕಂಪನಿಗಳಾಗಿ ಒಡೆದರು, ಷೇರುಗಳ ಬೆಲೆ ಏರಿ ರಾಕ್‌ಫೆಲರ್ ಇನ್ನಷ್ಟು ಶ್ರೀಮಂತರಾದರು. ಜನರಿಗೆ ಸಿಕ್ಕಿದ್ದೇನು?

ನಾನು: ಬೆಲೆ ಇಳಿದದ್ದು ನಿಜ, ಚಿಕ್ಕಪ್ಪ, ರೈಲ್ವೆ ಕಂಪನಿಗಳಿಂದ ಗುಟ್ಟಾಗಿ ರಿಯಾಯಿತಿ ಪಡೆದು ಎದುರಾಳಿಗಳನ್ನು ಹಣಿದದ್ದೂ ನಿಜ. ಬೆಲೆಯೊಂದನ್ನೇ ನೋಡುತ್ತಾ ಕುಳಿತರೆ, ಬಾಗಿಲು ಮುಚ್ಚಿದ್ದರಿಂದ ಹುಟ್ಟಲೇ ಇಲ್ಲದ ಉದ್ಯಮ ಯಾರ ಲೆಕ್ಕಕ್ಕೂ ಬರುವುದಿಲ್ಲ, ನನ್ನ ತಕರಾರು ಇರುವುದೇ ಅಲ್ಲಿ. 1956ರಲ್ಲಿ ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ ಮೇಲಿನ ಇಂಥದೇ ಮೊಕದ್ದಮೆ ರಾಜಿಯಲ್ಲಿ ಮುಗಿದಾಗ, ಟ್ರಾನ್ಸಿಸ್ಟರ್‌ನದೂ ಸೇರಿದಂತೆ ಅದರದೇ ಬೆಲ್ ಸಂಸ್ಥೆಯ ಅದುವರೆಗಿನ ಪೇಟೆಂಟ್‌ಗಳು ಅಮೆರಿಕದ ಇತರ ಕಂಪನಿಗಳಿಗೆ ಶುಲ್ಕವಿಲ್ಲದೆ ದೊರೆತವು. ಎಟಿ ಅಂಡ್ ಟಿ ದೂರವಾಣಿಯ ಹೊರಗಿನ ವ್ಯಾಪಾರಕ್ಕೆ ಇಳಿಯಬಾರದೆಂಬ ಕಟ್ಟಳೆಯೂ ಆಗಲೇ ಬಿದ್ದಿತು. ಆದ್ದರಿಂದಲೇ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್, ಮಾರಾಟದ ಸರಕಾಗುವ ಬದಲು, ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳ ಕೈ ಸೇರಿತು. ನಾವೀಗ ಟೈಪ್ ಮಾಡುತ್ತಿರುವ ಫೋನ್‌ಗಳ ಆಪರೇಟಿಂಗ್ ಸಿಸ್ಟಮ್‌ಗಳು ಅದರ ವಂಶದವು, ಇಲ್ಲವೇ ಅದರ ಮಾದರಿಯವು. 1956ರಲ್ಲಿ ಕುಳಿತು ಈ ಲಾಭವನ್ನು ಬೆಲೆಪಟ್ಟಿಯಲ್ಲಿ ತೋರಿಸಲು ಯಾರಿಂದ ಆಗುತ್ತಿತ್ತು?

ಭಾವ: ಒಳ್ಳೆಯ ಉದಾಹರಣೆ, ಒಪ್ಪುತ್ತೇನೆ. ಆದರೆ ಕಂಪ್ಯೂಟರ್ ತಯಾರಿಸುತ್ತಿದ್ದ ಐಬಿಎಂ ಮೇಲೆ 1969ರಲ್ಲಿ ಹೂಡಿದ ದಾವೆಯನ್ನು ಸರ್ಕಾರವೇ 1982ರಲ್ಲಿ ಹಿಂತೆಗೆದುಕೊಂಡಿತಲ್ಲ? ಅಷ್ಟರಲ್ಲಿ ಸಣ್ಣ ಕಂಪ್ಯೂಟರ್‌ಗಳು ಬಂದು ಮಾರುಕಟ್ಟೆ ತಾನಾಗಿಯೇ ಬದಲಾಗಿತ್ತು.

ನಾನು: ವಿಳಂಬದ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ. ಆದರೆ ಯಂತ್ರದ ಜೊತೆಗೇ ಸೇರಿಸಿ ಕೊಡುತ್ತಿದ್ದ ಸಾಫ್ಟ್‌ವೇರ್‌ಗೆ ಬೇರೆ ಬೆಲೆ ಕಟ್ಟಿ ಮಾರುವುದಾಗಿ ಐಬಿಎಂ ಪ್ರಕಟಿಸಿದ್ದೂ ಅದೇ 1969ರಲ್ಲಿ, ಸರ್ಕಾರದ ಕಣ್ಣು ತನ್ನ ಮೇಲಿದ್ದ ಹೊತ್ತಿನಲ್ಲಿ. ಅದೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೆ ಸಾಫ್ಟ್‌ವೇರ್ ಮಾತ್ರ ಮಾರುವ ಕಂಪನಿಗಳು ಬೆಳೆಯಲು ಅಲ್ಲಿ ಜಾಗವಾಯಿತು. ನನ್ನ ಅಸಮಾಧಾನ ಬೇರೆಯದು. ಇದೇ ಗೂಗಲ್ ಪ್ರಕರಣದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಪರಿಹಾರ ಸೂಚಿಸಿದ ನ್ಯಾಯಾಧೀಶರು ಇತರರನ್ನು ಹೊರಗಿಡುವ ಒಪ್ಪಂದಗಳನ್ನು ನಿಷೇಧಿಸಿ, ಹುಡುಕಾಟದ ದತ್ತಾಂಶದ ಒಂದು ಪಾಲನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದರು. ಆದರೆ ಮೊದಲ ಸ್ಥಾನಕ್ಕಾಗಿ ಹಣ ಕೊಡುವುದನ್ನು ತಡೆಯಲಿಲ್ಲ. ಅಷ್ಟು ಹಣ ಕೊಡಬಲ್ಲವರು ಒಬ್ಬರೇ ಇರುವಾಗ ಇದು ಸಾಲದು.

ಚಿಕ್ಕಪ್ಪ: ಆ ಹಣವನ್ನೇ ನಂಬಿಕೊಂಡ ಸಣ್ಣ ಬ್ರೌಸರ್‌ಗಳೂ ಇವೆಯಲ್ಲ? ಅದು ನಿಂತರೆ ಮೊದಲು ಮುಚ್ಚುವುದು ಫೈರ್‌ಫಾಕ್ಸ್‌ನಂಥವು.

ನಾನು: ಆ ಅಪಾಯ ನಿಜವಾದದ್ದು, ಚಿಕ್ಕಪ್ಪ. ಗೂಗಲ್‌ನ ಎದುರಾಳಿ ಬ್ರೌಸರ್ ಕೂಡ ಗೂಗಲ್‌ನ ಹಣದಿಂದಲೇ ಬದುಕಬೇಕಾದ ಸ್ಥಿತಿ ಬಂದದ್ದು ಹೇಗೆಂದು ಕೇಳಿದರೆ, ಭಾವ ಮೊದಲು ಕೇಳಿದ ಪ್ರಶ್ನೆಗೆ, ನಷ್ಟವಾದದ್ದು ಯಾರಿಗೆ ಎಂಬುದಕ್ಕೆ, ಇನ್ನೊಂದು ಉತ್ತರ ಸಿಗುತ್ತದೆ.