ಊಟದ ಹೊತ್ತಿನ ರಾಜಕೀಯಕ್ಕೆ ಬಾಯಿ ಹಾಕಬಹುದಾ?

ಕೆಲಸದ ಮೇಲೆ ಅಮೆರಿಕದ ಕ್ಯಾನ್ಸಸ್‌ಗೆ ಬಂದು ಮೂರು ತಿಂಗಳಾಯ್ತು. ಆಫೀಸಲ್ಲಿ ಊಟಕ್ಕೆ ಕೂತರೆ ಗನ್ನು, ಗರ್ಭಪಾತ, ಗಾಂಜಾ ಎಲ್ಲ ಮಾತಿಗೆ ಬರುತ್ತೆ. ಯಾರು ಯಾವ ಪಕ್ಷ ಅಂತ ತಿಳಿದರೆ ಅವರ ಅಭಿಪ್ರಾಯ ಊಹಿಸಬಹುದಾ? ಹಳಬರು ದಯವಿಟ್ಟು ಹೇಳಿ.

ವಿಚಿಟಾದಿಂದ:
ಹಾಗೆ ಊಹಿಸಲು ಹೋಗಿ ಪೆಚ್ಚಾದವನು ನಾನು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕಿಗೆ ದೇಶದ ಸಂವಿಧಾನದ ರಕ್ಷಣೆ ಇಲ್ಲ ಅಂತು. ಕ್ಯಾನ್ಸಸ್ ಸಂವಿಧಾನದಿಂದಲೂ ಅದನ್ನು ತೆಗೆಯಬೇಕಾ ಅಂತ ಆಗಸ್ಟಲ್ಲಿ ಇಲ್ಲಿ ಮತದಾನ ಆಯ್ತು. 2020ರಲ್ಲಿ ಗರ್ಭಪಾತ ವಿರೋಧಿಸುವ ರಿಪಬ್ಲಿಕನ್ ಪಕ್ಷದ ಟ್ರಂಪ್‌ಗೆ ಶೇ 56 ವೋಟು ಕೊಟ್ಟ ರಾಜ್ಯ ಇದು, ಸಲೀಸಾಗಿ ಪಾಸಾಗುತ್ತೆ ಅಂತ ಲೆಕ್ಕ ಹಾಕಿದ್ದೆ. ಶೇ 59 ಜನ ‘ಬೇಡ’ ಅಂದುಬಿಟ್ಟರು! ಪಕ್ಕದ ಮನೆಯ ಅಜ್ಜ ಭಾನುವಾರ ಚರ್ಚು ತಪ್ಪಿಸಿದವರಲ್ಲ, ಅಂಗಳದಲ್ಲಿ ರಿಪಬ್ಲಿಕನ್ ಬೋರ್ಡು. ಹುಲ್ಲು ಕತ್ತರಿಸುತ್ತಾ ಅವರೇ ‘ಮನೆಯೊಳಗಿನ ವಿಷಯಕ್ಕೆ ಸರ್ಕಾರ ಯಾಕೆ?’ ಅಂದರು. ಗನ್ನಿನ ವಿಷಯಕ್ಕೂ ಅವರದು ಇದೇ ಮಾತು ಅನ್ನಿ. ಗನ್ನಿಗೆ ತಡೆ ಬೇಡ, ಗರ್ಭಪಾತಕ್ಕೆ ಬೇಕು ಅನ್ನುವ ಪಕ್ಷದ ಕಣ್ಣಲ್ಲಿ ನೋಡಿದರೆ ತಾಳಮೇಳ ಇಲ್ಲ, ಅಜ್ಜನ ಕಣ್ಣಲ್ಲಿ ಎರಡೂ ಒಂದೇ. ಪಕ್ಕದ ಮಿಸೌರಿಯೂ 2024ರಲ್ಲಿ ಟ್ರಂಪ್‌ರನ್ನೂ ಗೆಲ್ಲಿಸಿತು, ಗರ್ಭಪಾತದ ಹಕ್ಕನ್ನೂ ಗೆಲ್ಲಿಸಿತು.

ಟ್ಯಾಂಪಾದಿಂದ:
ನಮ್ಮ ಫ್ಲೋರಿಡಾದ್ದು ಬೇರೆ ಕಥೆ. ಅದೇ ವರ್ಷ ಅದೇ ಹಕ್ಕಿಗೆ ಸುಮಾರು ಶೇ 57 ಜನ ಹೂಂ ಅಂದರೂ ಬಿದ್ದುಹೋಯ್ತು, ಯಾಕೆಂದರೆ ಇಲ್ಲಿ ಸಂವಿಧಾನ ತಿದ್ದಲು ಶೇ 60 ಬೇಕು. ಹಾಗಾಗಿ ಕಾನೂನು ನೋಡಿ ‘ಇಲ್ಲಿನ ಜನವೇ ಹೀಗೆ’ ಅನ್ನಬೇಡಿ. ಆ ಮಾತು ಆಡಿ ಒಬ್ಬ ಸಹೋದ್ಯೋಗಿಯ ಮುಖ ಕೆಂಪಾಗಿಸಿದ್ದೇನೆ.

ನ್ಯೂಜೆರ್ಸಿಯಿಂದ, ಇಪ್ಪತ್ತೈದು ವರ್ಷದ ಹಳಬಳು:
ಹತ್ತು ವರ್ಷದ ಹಿಂದೆ ಕೇಳಿದ್ದನ್ನೇ ನೆಚ್ಚಿಕೊಳ್ಳಬೇಡಿ ತಮ್ಮಾ. ಸಲಿಂಗ ವಿವಾಹಕ್ಕೆ ಗ್ಯಾಲಪ್ ಸಮೀಕ್ಷೆಯಲ್ಲಿ 1996ರಲ್ಲಿ ಒಪ್ಪಿದ್ದು ಶೇ 27. 2023ರಲ್ಲಿ ಶೇ 71. ಪ್ರಶ್ನೆಯ ಮಾತೂ ನೋಡಿ: ‘ಬಡವರಿಗೆ ನೆರವು’ ಅಂದರೆ ಇನ್ನೂ ಖರ್ಚು ಮಾಡಲಿ ಅನ್ನೋರು ಅದೇ ನೆರವಿಗೆ ‘ವೆಲ್ಫೇರ್’ ಅಂದ ಕೂಡಲೇ ಮುಖ ಸಿಂಡರಿಸುತ್ತಾರೆ. ಇದು ಇಲ್ಲಿನ ಸಮೀಕ್ಷೆ ಮಾಡುವವರಿಗೆ ಹಳೇ ವಿಷಯ.

ಊಟಕ್ಕೆ ಕೂತಾಗ ನಾನಂತೂ ‘ನಿಮ್ಮೂರಲ್ಲಿ ಇದು ಹೇಗೆ?’ ಅಂತ ಕೇಳಿ ಸುಮ್ಮನಾಗುತ್ತೇನೆ. ಅವರೇ ಅರ್ಧ ಗಂಟೆ ಹೇಳುತ್ತಾರೆ. ಗನ್ನಿನ ಬಗ್ಗೆ ಜೋಕು ಮಾತ್ರ ಬೇಡ, ಇಲ್ಲಿ ಎಷ್ಟೋ ಮಕ್ಕಳು ಶಾಲೆಯಲ್ಲಿ ಗುಂಡಿನ ದಾಳಿಯ ಡ್ರಿಲ್ ಮಾಡಿ ಮನೆಗೆ ಬರುತ್ತವೆ.